ಬುತ್ತಿಯೊಳಗಿನ ಬೀಸುಕಲ್ಲು

ಆ ಶನಿವಾರ ನಾನು ಒತ್ತಿದ್ದು ಯಾವ ಗುಂಡಿ ಎಂದು ಯಾರಾದರೂ ಆಣೆ ಹಾಕಿಸಿ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಒತ್ತಿದ ಬೆರಳು ನನ್ನದೇ. ಕಂಪ್ಯೂಟರು ನನ್ನ ಅಕ್ಕ ನಡೆಸುವ ಕನ್ನಡ ಕ್ಲಾಸಿನದು. ಪರದೆಯ ಮೇಲೆ ಒಂದು ಪ್ರಶ್ನೆ ಬಂತು, ಅದರ ಕೆಳಗೆ ಎರಡು ಉತ್ತರಗಳಿದ್ದವು, ಎರಡರಲ್ಲಿ ಒಂದನ್ನು ಒತ್ತಿದೆ. ಇಲ್ಲಿಯವರೆಗೆ ಚೆನ್ನಾಗಿ ನೆನಪಿದೆ. ತಲೆಯ ಮೇಲೆ ಫ್ಯಾನು ಕಿರಗುಡುತ್ತಿತ್ತು ಎಂಬುದೂ ನೆನಪಿದೆ. ಆದರೆ ಆ ಕೋಣೆಯಲ್ಲಿ ಫ್ಯಾನೇ ಇಲ್ಲ ಎಂದು ಅಕ್ಕ ಹೇಳುತ್ತಾಳೆ. ಹೀಗಿರುವಾಗ ಉಳಿದದ್ದನ್ನು ನೀವು ಎಷ್ಟು ನಂಬಬೇಕೆಂಬುದನ್ನು ನಿಮಗೇ ಬಿಡುತ್ತೇನೆ.

ಧಾರವಾಡದಲ್ಲಿ ತತ್ವಶಾಸ್ತ್ರ ಓದಿದವನು ನಾನು. ಯಾವುದನ್ನೂ ಪರೀಕ್ಷಿಸದೆ ಒಪ್ಪಬೇಡ ಎಂದು ಗುರುಗಳು ಕಲಿಸಿದರು. ಕಲಿತದ್ದರಲ್ಲಿ ಉಳಿದಿರುವುದು ಅದೊಂದೇ. ಮನೆಗೆ ಬೀಗ ಹಾಕಿ ಮುಂಬಯಿಯ ಕುರ್ಲಾ ಸ್ಟೇಷನ್ನಿನವರೆಗೆ ನಡೆದು, ಬೀಗ ಹಾಕಿದೆನೇ ಎಂದು ಹಿಂದಿರುಗಿ, ಹಾಕಿದ ಬೀಗವನ್ನು ಜಗ್ಗಿ ನೋಡಿ, ಜಗ್ಗಿದ್ದರಿಂದ ಅದು ಸಡಿಲವಾಯಿತೇನೋ ಎಂದು ಚಿಂತಿಸುತ್ತ ಮತ್ತೆ ಸ್ಟೇಷನ್ನಿಗೆ ಹೋಗುವವರನ್ನು ನೀವು ನೋಡಿದ್ದರೆ ಅವರು ನನ್ನ ಸಹಪಾಠಿಗಳೇ ಇರಬೇಕು.

ಇದೆಲ್ಲ ಈಗ ನೆನಪಾದದ್ದಕ್ಕೆ ಕಾರಣ ಚಹಾ. ಹೋದ ವಾರ ಚಹಾ ಒಲೆಯ ಮೇಲಿಟ್ಟು, ಇಳಿಸುವ ಹೊತ್ತಿಗೆ ಗಂಟೆ ಬಾರಿಸುವಂಥ ಸಣ್ಣದೊಂದು ತಂತ್ರಾಂಶವನ್ನು ನನ್ನ ಕಂಪ್ಯೂಟರಿನಲ್ಲಿ ಹಾಕಿಕೊಳ್ಳೋಣ ಎಂದು ಕೂತೆ. ನನ್ನದು ವಿಂಡೋಸ್ ಅಲ್ಲ, ಲಿನಕ್ಸ್. ತಂತ್ರಾಂಶದ ಹೆಸರಿನ ಪಕ್ಕದಲ್ಲಿ ಒಂದು ಸಣ್ಣ ಬಾಣದ ಗುರುತು ಇತ್ತು. ಒತ್ತಿದರೆ ಅದು ಕೇಳಿತು: ಯಾವ ಬಗೆಯ ಕಟ್ಟಿನಲ್ಲಿ ಬೇಕು? ಡೆಬ್ ಇದೆ, ಫ್ಲ್ಯಾಟ್‌ಪ್ಯಾಕ್ ಇದೆ, ಸ್ನ್ಯಾಪ್ ಇದೆ. ಮೂರರಲ್ಲಿ ಯಾವುದು ಒಳ್ಳೆಯದೆಂದು ಜನ ಏನೆನ್ನುತ್ತಾರೆ ನೋಡೋಣ ಎಂದು ಓದತೊಡಗಿದೆ. ಒಬ್ಬನ ಮಾತು ಇನ್ನೊಬ್ಬನಿಗೆ ಒಪ್ಪಿಗೆಯಿಲ್ಲ. ಇಬ್ಬರ ಮಾತೂ ಮೂರನೆಯವನಿಗೆ ನಗೆಪಾಟಲು. ಅಷ್ಟರಲ್ಲಿ ಚಹಾ ಉಕ್ಕಿ ಒಲೆಯ ತುಂಬ ಹರಿದು, ಗಂಟೆಯ ಅಗತ್ಯವೇ ಉಳಿಯಲಿಲ್ಲ.

ನೀವು ಲಿನಕ್ಸ್ ಬಳಸದಿದ್ದರೆ ಅದು ನಿಮ್ಮ ಪುಣ್ಯ. ಆದರೂ ಕಥೆ ಅರ್ಥವಾಗಲು ಈ ಕಟ್ಟುಗಳ ಸಂಗತಿ ಸ್ವಲ್ಪ ಹೇಳಬೇಕು.

ಡೆಬ್ ಎಂಬುದು ಹಳೆಯ ಪದ್ಧತಿ. ಅದು ಚಾಳಿನ, ಅಂದರೆ ಮುಂಬಯಿಯ ಸಾಲುಮನೆಗಳ, ಸಂಸಾರವಿದ್ದಂತೆ. ಕುರ್ಲಾದಲ್ಲಿ ನನ್ನ ಕಾಕಾ ಇದ್ದ ಚಾಳಿನಲ್ಲಿ ಇಡೀ ಮಹಡಿಗೆ ಒಂದೇ ನಲ್ಲಿ. ಯಾರೂ ತಮ್ಮ ಮನೆಯಲ್ಲಿ ನಲ್ಲಿ ಇಟ್ಟುಕೊಂಡಿರಲಿಲ್ಲ, ಇಡಲು ಜಾಗವೂ ಇರಲಿಲ್ಲ. ಡೆಬ್ ತಂತ್ರಾಂಶವೂ ಹೀಗೆಯೇ ಕೈಬೀಸಿಕೊಂಡು ಬರುತ್ತದೆ. ತನಗೆ ಬೇಕಾದ ಸಾಮಾನೆಲ್ಲ ಕಂಪ್ಯೂಟರಿನಲ್ಲಿ ಸಾರ್ವಜನಿಕವಾಗಿ ಇದ್ದೇ ಇದೆ ಎಂದು ಅದರ ನಂಬಿಕೆ. ಜಾಗ ಉಳಿಯುತ್ತದೆ. ಆದರೆ ನಲ್ಲಿ ಕೆಟ್ಟರೆ ಎಲ್ಲರ ಕೊಡವೂ ಒಣಗಿರುತ್ತದೆ. ಫ್ಲ್ಯಾಟ್‌ಪ್ಯಾಕ್ ಮತ್ತು ಸ್ನ್ಯಾಪ್ ಹೊಸ ಬಿಲ್ಡಿಂಗಿನವರು. ತಮ್ಮದೇ ನೀರಿನ ಟಾಕಿ, ತಮ್ಮದೇ ಕಪಾಟು, ಬಾಗಿಲಿಗೆ ಒಳಗಿನಿಂದ ಚಿಲಕ. ಪಕ್ಕದ ಮನೆಯವರ ಹೆಸರೂ ಗೊತ್ತಿರುವುದಿಲ್ಲ. ಇನ್ನೊಂದಿದೆ, ಆ್ಯಪ್‌ಇಮೇಜ್. ಅದಕ್ಕೆ ಮನೆಯೇ ಬೇಡ. ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ತಿರುಗಬಹುದು. ಬಿಚ್ಚಿದಲ್ಲೇ ಊಟ.

ಅಂದರೆ ಬುತ್ತಿ. ನಮ್ಮವ್ವ ಬುತ್ತಿ ಕಟ್ಟುವುದರಲ್ಲಿ ಎತ್ತಿದ ಕೈ. ಬೇಸಿಗೆ ರಜೆಯಲ್ಲಿ ಧಾರವಾಡದಿಂದ ಮುಂಬಯಿಯ ಕಾಕಾನ ಮನೆಗೆ ಹೊರಟರೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಅದನ್ನು ಹೆಚ್ಚಲು ಚಾಕು, ಕೈ ಒರೆಸಲು ಹಳೆಯ ಪಂಚೆಯ ತುಂಡು, ಎಲ್ಲ ಒಂದು ಗಂಟಿನಲ್ಲಿ. ಜೊತೆಗೆ ಕಾಗದದಲ್ಲಿ ಕಟ್ಟಿದ ಉಪ್ಪು. ಪ್ರತಿ ಸಲವೂ ನಮ್ಮಪ್ಪ ಆ ಉಪ್ಪಿನ ಪೊಟ್ಟಣ ನೋಡಿ ಕೇಳುತ್ತಿದ್ದರು.

"ಯಾಕ, ಮುಂಬಯಿದಾಗ ಉಪ್ಪು ಸಿಗೂದಿಲ್ಲೇನು?"

"ಸಿಗತದ," ಎನ್ನುತ್ತಿದ್ದಳು ಅವ್ವ. "ಸಿಗೂತನಾ ನೀವು ಸಪ್ಪಂದು ತಿಂತೀರೇನು?"

ಇದು ರೈಲಿನಲ್ಲಿ ನಡೆದ ಮಾತು ಎಂದು ನನ್ನ ನೆನಪು. ಆಗೆಲ್ಲ ನಾವು ಹೋಗುತ್ತಿದ್ದದ್ದು ಬಸ್ಸಿನಲ್ಲಿ ಎಂದು ಅಕ್ಕ ಹೇಳುತ್ತಾಳೆ. ನನ್ನ ನೆನಪಿನ ರೊಟ್ಟಿಯ ಹಿಂದೆ ಕಿಟಕಿಯಿದೆ, ಕಿಟಕಿಗೆ ಅಡ್ಡ ಸರಳುಗಳಿವೆ. ಬಸ್ಸಿಗೂ ಸರಳು ಇರುತ್ತವೆ ಎಂದರೆ ನಾನು ಏನು ಹೇಳಲಿ?

ಅಕ್ಕನ ಹೆಸರು ಸುಮಿತ್ರಾ. ಕಾಂದಿವಲಿಯಲ್ಲಿ ಅವಳ ಮನೆ. ಅಲ್ಲಿ ಅವಳು ರವಿವಾರ ಮುಂಜಾನೆ ಮಕ್ಕಳಿಗೆ ಕನ್ನಡ ಕಲಿಸಲು ಸುರು ಮಾಡಿದ್ದು ಒಂದು ಫೋನಿನಿಂದ. ಅವರ ಬಿಲ್ಡಿಂಗಿನಲ್ಲೇ ಬೆಳಗಾವಿ ಕಡೆಯ ಒಂದು ಕುಟುಂಬವಿದೆ. ಆ ಮನೆಯ ಹುಡುಗಿ ಸ್ವರಾಳಿಗೆ ಊರಿನಿಂದ ಅಜ್ಜಿ ಫೋನು ಮಾಡಿದರೆ ಹುಡುಗಿ "ಹಾಂ, ಠೀಕ್ ಹೈ, ಹಾಂ" ಎಂದು ಹೇಳಿ ಫೋನನ್ನು ಅವ್ವನ ಕೈಗೆ ದಾಟಿಸುತ್ತಿದ್ದಳು. ಬಿಸಿ ಪಾತ್ರೆ ದಾಟಿಸಿದ ಹಾಗೆ. ಅಕ್ಕ ಒಂದು ದಿನ ಅದನ್ನು ನೋಡಿದಳು. ಮುಂದಿನ ರವಿವಾರವೇ ಕ್ಲಾಸು.

ಕ್ಲಾಸಿಗೆ ಜಾಗ ಎಲ್ಲಿ? ಭಾವನಿಗೆ ರಾತ್ರಿ ಪಾಳಿ, ರವಿವಾರ ಮುಂಜಾನೆ ಮನೆಯಲ್ಲಿ ಚಮಚ ಬಿದ್ದರೂ ಎದ್ದು ಕೂಡುತ್ತಾರೆ. ಹಾಗಾಗಿ ಬಿಲ್ಡಿಂಗು ನೋಡಿಕೊಳ್ಳುವ ಸೊಸಾಯಿಟಿಯವರಲ್ಲಿ ಕೆಳಗಿನ ಕೋಣೆ ಕೇಳಿದಳು. ನೀರಿನ ಪಂಪಿನ ಪಕ್ಕದ ಕೋಣೆ ಅದು. ಪಂಪು ಸುರುವಾದರೆ 'ಅ' ಕೂಡ 'ಅಂ' ಆಗಿ ಕೇಳಿಸುತ್ತದೆ. ಆದರೂ ಕೊಟ್ಟರಲ್ಲ ಎಂದು ಅಕ್ಕ ಖುಷಿಯಲ್ಲಿದ್ದಳು. ಒಬ್ಬ ಪಾಲಕರು ಹಳೆಯ ಕಂಪ್ಯೂಟರು ಕೊಟ್ಟರು, ಇನ್ನೊಬ್ಬರು ಟಿವಿ ಕೊಟ್ಟರು. ಎರಡನ್ನೂ ವಾಯರಿನಿಂದ ಜೋಡಿಸಿ, ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದು ನನ್ನ ಗೆಳೆಯ ಗುರುನಾಥ.

ಗುರುನಾಥ ವಿಜಯಪುರದವನು. ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಕೋಣೆಯವನಾಗಿದ್ದ. ಈಗ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಯಂತ್ರ ರಿಪೇರಿಯ ಸಣ್ಣ ಉದ್ಯೋಗ ನಡೆಸುತ್ತಾನೆ. ನಾನು ಅನುಮಾನದ ಮನುಷ್ಯನಾದರೆ ಅವನು ನಿರ್ಧಾರದ ಮನುಷ್ಯ. ಮೊದಲು ನಿರ್ಧರಿಸುತ್ತಾನೆ, ಆಮೇಲೆ ಏನನ್ನು ಎಂದು ನೋಡುತ್ತಾನೆ. ನನ್ನ ಬಗ್ಗೆ ಅವನ ಅಭಿಪ್ರಾಯ ಕೇಳಬೇಕೆಂದರೆ ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಅವನ ಜೊತೆ ನಿಲ್ಲಬೇಕು. ಆಫೀಸು ಮುಗಿಸಿ ಅಲ್ಲಿಂದ ಕಾಂದಿವಲಿಗೆ ಹೊರಟರೆ ಸ್ಲೋ ಲೋಕಲ್ ರೈಲಿನಲ್ಲಿ ಕೂಡಲು ಜಾಗ ಸಿಕ್ಕೀತೆಂದು ನಾನು ಯೋಚಿಸುತ್ತೇನೆ. ಫಾಸ್ಟ್ ಬೇಗ ಮುಟ್ಟಿಸೀತೆಂದೂ ಯೋಚಿಸುತ್ತೇನೆ. ಎರಡೂ ಯೋಚನೆ ಸರಿಯಾಗಿರುವುದರಿಂದ ಎರಡೂ ಗಾಡಿ ಹೋಗಿಬಿಡುತ್ತವೆ.

ಅಕ್ಕ ಮಕ್ಕಳಿಗೆಂದು ಒಂದು ಚಿತ್ರ ಬರೆಯುವ ತಂತ್ರಾಂಶ ಹಾಕಿಸಿದ್ದಳು. ಬಣ್ಣ ಬಳಿಯಬಹುದು, ಕೆಳಗೆ ಕನ್ನಡದಲ್ಲಿ ಒಂದು ಸಾಲು ಟೈಪು ಮಾಡಬಹುದು. ಬರೆದ ಚಿತ್ರಗಳನ್ನು ಅದು ತನ್ನೊಳಗೇ ಜೋಡಿಸಿಟ್ಟುಕೊಂಡು ಕೇಳಿದಾಗ ತೋರಿಸುತ್ತದೆ. ಮೊದಲು ಗುರುನಾಥ ಡೆಬ್ ಹಾಕಿದ. ಅದು ಹಳೆಯ ಆವೃತ್ತಿ, ಒತ್ತಕ್ಷರಗಳು ಅಕ್ಷರದ ಕೆಳಗೆ ಕೂಡದೆ ಪಕ್ಕದಲ್ಲಿ ಹೋಗಿ ನಿಲ್ಲುತ್ತಿದ್ದವು. ಆಮೇಲೆ ಫ್ಲ್ಯಾಟ್‌ಪ್ಯಾಕ್ ಹಾಕಿದ. ಒತ್ತಕ್ಷರಗಳು ಸಾಲಾಗಿ ಕೂತವು. ಮಕ್ಕಳು ಅದರಲ್ಲೇ ತಮ್ಮ ಮನೆ, ಅಪ್ಪ, ಬೆಕ್ಕು, ಬಿಲ್ಡಿಂಗಿನ ಲಿಫ್ಟು ಎಲ್ಲ ಬರೆದರು. ಸ್ವರಾ ಅಜ್ಜಿಯನ್ನು ಬರೆದಳು. ಅಜ್ಜಿಯ ಸೀರೆಗೆ ನೇರಳೆ ಬಣ್ಣ, ಕೈಯಲ್ಲಿ ಫೋನು.

ಅಷ್ಟರಲ್ಲಿ ಕೋಣೆಗೆ ಸಂಚಕಾರ ಬಂತು. ಝುಂಬಾ ಡ್ಯಾನ್ಸು ಕಲಿಸುವವರೊಬ್ಬರು ಅದೇ ರವಿವಾರದ ಹೊತ್ತು ಕೇಳಿದರು. ಅವರ ಹಿಂದೆ ಬಿಲ್ಡಿಂಗಿನ ಅರ್ಧ ಹೆಂಗಸರು ಇದ್ದರು. ಅಕ್ಕನ ಹಿಂದೆ ಕೆಲವು ಮಕ್ಕಳು, ಅವರೂ ಕೋಣೆಯ ಹೊರಗೆ ಬಂದ ಕೂಡಲೇ ಹಿಂದಿ ಸುರು ಮಾಡುವವರು. ಕ್ಲಾಸಿನಲ್ಲಿ ಏನೂ ಕಲಿಯುವುದಿಲ್ಲ, ಟಿವಿಯಲ್ಲಿ ಕಾರ್ಟೂನ್ ನೋಡುತ್ತಾರೆ ಎಂದು ಯಾರೋ ಹೇಳಿದ್ದರಂತೆ. ಸೊಸಾಯಿಟಿಯ ಸೆಕ್ರೆಟರಿ ಸಾವಂತ್ ಬಾಯಿ ನ್ಯಾಯವಂತೆ. ಕೇಳಿದ್ದನ್ನು ನಂಬುವುದಿಲ್ಲ, ಬರುವ ರವಿವಾರ ಸ್ವತಃ ಬಂದು ನೋಡಿ ಕಮಿಟಿಗೆ ಹೇಳುತ್ತೇನೆ ಎಂದರು. ಅಕ್ಕ ಮಕ್ಕಳ ಚಿತ್ರಗಳನ್ನು ಟಿವಿಯಲ್ಲಿ ತೋರಿಸಿ, ಕೆಳಗಿನ ಸಾಲುಗಳನ್ನು ಅವರಿಂದಲೇ ಓದಿಸುವುದೆಂದು ಯೋಚಿಸಿದಳು. ಕೋಣೆ ಹೋದರೆ ಕ್ಲಾಸು ಹೋದ ಹಾಗೆಯೇ.

"ರಾಘು," ಎಂದಳು ಫೋನಿನಲ್ಲಿ, "ನೀನೂ ಗುರುನಾಥನೂ ಒಂದ್ಸಲ ಆ ಕಂಪ್ಯೂಟರ್ ನೋಡ್ರಿ. ಏನೂ ಮಾಡಬ್ಯಾಡ್ರಿ. ಬರೇ ನೋಡ್ರಿ."

ಈ ಕೊನೆಯ ಮಾತನ್ನು ಅವಳು ಹೇಳಿದ್ದಳು ಎಂದು ಅವಳು ಹೇಳುತ್ತಾಳೆ.

ಶನಿವಾರ ಬೆಳಿಗ್ಗೆ ನಾನು ಹೋಗಿ ನೋಡಿದೆ. ಒಂದೇ ತಂತ್ರಾಂಶದ ಎರಡು ಪ್ರತಿಗಳು: ಹಳೆಯ ಡೆಬ್ ಒಂದು, ಫ್ಲ್ಯಾಟ್‌ಪ್ಯಾಕ್ ಒಂದು. ಡೆಬ್‌ಗೆ ಹೊಸ ಆವೃತ್ತಿ ಬಂದಿತ್ತು. ಹಾಕಿ ನೋಡಿದೆ, ಒತ್ತಕ್ಷರ ಸರಿಯಾಗಿ ಕೂತಿತು. ಹಾಗಾದರೆ ಎರಡೇಕೆ? ಫ್ಲ್ಯಾಟ್‌ಪ್ಯಾಕ್ ತೆರೆದುಕೊಳ್ಳಲು ಆ ಮುದಿ ಕಂಪ್ಯೂಟರಿನಲ್ಲಿ ಬಹಳ ಹೊತ್ತು ಬೇಕಿತ್ತು. ನನ್ನೊಳಗಿನ ಚಾಳಿನ ಮನುಷ್ಯ ಎದ್ದ. ಅದನ್ನು ತೆಗೆದುಹಾಕಿದೆ, ಅದು ತನಗಾಗಿ ತಂದಿಟ್ಟುಕೊಂಡಿದ್ದ ಟಾಕಿ, ಕಪಾಟುಗಳನ್ನೂ ಗುಡಿಸಿ ಹಾಕಿದೆ. ತೆಗೆಯುವಾಗಲೇ ಆ ಪ್ರಶ್ನೆ ಬಂದದ್ದು. ಈ ತಂತ್ರಾಂಶದಲ್ಲಿ ಕೂಡಿಟ್ಟದ್ದನ್ನೂ ಅಳಿಸಬೇಕೇ, ಉಳಿಸಬೇಕೇ? ನಾನು ಏನೋ ಒಂದನ್ನು ಒತ್ತಿದೆ. ತೃಪ್ತಿಯಿಂದ ಮನೆಗೆ ಹೋದೆ.

ಸಂಜೆ ಗುರುನಾಥ ಬಂದ. ನಾನು ಬಂದುಹೋದದ್ದು ಅವನಿಗೆ ಗೊತ್ತಿಲ್ಲ. ತಾನು ಹಾಕಿದ ಫ್ಲ್ಯಾಟ್‌ಪ್ಯಾಕ್ ಕಾಣಲಿಲ್ಲ, ಡೆಬ್ ಕಂಡಿತು. ಪೆನ್‌ಡ್ರೈವಿನಲ್ಲಿ ಅದೇ ತಂತ್ರಾಂಶದ ಆ್ಯಪ್‌ಇಮೇಜ್ ಇಟ್ಟುಕೊಂಡೇ ತಿರುಗುವವನು ಅವನು. ಡೆಬ್ ತೆಗೆದು ಅದನ್ನು ಇಟ್ಟ. ಅವನೂ ತೃಪ್ತಿಯಿಂದ ಮನೆಗೆ ಹೋದ.

ಹೀಗೆ, ಮಕ್ಕಳು ಚಿತ್ರ ಬರೆದ ಪ್ರತಿಯನ್ನು ಒಬ್ಬ, ಅದರ ಬದಲಿಗಿದ್ದ ಪ್ರತಿಯನ್ನು ಇನ್ನೊಬ್ಬ ತೆಗೆದುಹಾಕಿ, ಇಬ್ಬರು ವಿದ್ಯಾವಂತರು ಸೇರಿ ಆ ಕಂಪ್ಯೂಟರನ್ನು ಸ್ವಚ್ಛ ಮಾಡಿದೆವು. ಈ ಪ್ರತಿಗಳಿಗೆ ಹೊರಗಿನಿಂದ ಒಂದೇ ಹೆಸರು, ಒಂದೇ ಮುಖ. ಆದರೆ ಫ್ಲ್ಯಾಟ್‌ಪ್ಯಾಕಿನವನು ಚಿಲಕ ಹಾಕಿಕೊಂಡು ಕೂಡಿಟ್ಟದ್ದು ಬೇರೆಯವರಿಗೆ ಕಾಣುವುದಿಲ್ಲ.

ರವಿವಾರ ಸಾವಂತ್ ಬಾಯಿ ಹೇಳಿದ ಹೊತ್ತಿಗೇ ಬಂದು ಕುರ್ಚಿಯಲ್ಲಿ ಕೂತರು. ಅಕ್ಕ ಇಸ್ತ್ರಿ ಸೀರೆ ಉಟ್ಟಿದ್ದಳು. ಸ್ವರಾ ಹೋಗಿ ತಂತ್ರಾಂಶ ತೆರೆದಳು, ಚಿತ್ರಗಳ ಗುಂಡಿ ಒತ್ತಿದಳು. ಟಿವಿಯ ತುಂಬ ಬಿಳಿ.

"ಟೀಚರ್, ಮೇರೀ ಅಜ್ಜಿ ಗಾಯಬ್ ಹೋ ಗಯೀ," ಎಂದಳು. ಅಜ್ಜಿ ಮಾಯ.

ಹಿಂದಿನಿಂದ ನಿಶಾಂತ ಎಂಬ ಹುಡುಗ ಕೂಗಿದ. "ಮೇರಾ ಲಿಫ್ಟ್ ಭೀ."

ಪಕ್ಕದಲ್ಲೇ ನಿಂತಿದ್ದ ಗುರುನಾಥ ನನ್ನ ಕಡೆ ತಿರುಗಿದ.

"ಲೇ ರಾಘ್ಯಾ, ಫ್ಲ್ಯಾಟ್‌ಪ್ಯಾಕ್ ಎಲ್ಲಿ ಹೋತಲೇ?"

"ತೆಗದೆ."

"ಯಾಕ?"

"ಒಂದ ಮನಿಗೆ ಎರಡು ಒಲಿ ಯಾಕಂತ. ಡೆಬ್ ಇತ್ತಲ್ಲ, ಅದೆಲ್ಲಿ?"

"ಅದನ್ನ ನಾ ತೆಗದೆ."

"ನೀ ಯಾಕ ತೆಗದಿ?"

"ಒತ್ತಕ್ಷರ ಕೆಡಸೂ ಹಳೇ ಡೆಬ್ ಅಂತ ತೆಗದೆ."

ಅಕ್ಕ ನಮ್ಮಿಬ್ಬರ ನಡುವೆ ಬಂದು ನಿಂತಳು. ದನಿ ಸಣ್ಣಗಿತ್ತು. "ನೀವು ಏನರ ತಗೀರಿ, ಏನರ ಹಾಕ್ರಿ. ಮಕ್ಕಳ ಚಿತ್ರ ಬರತಾವೋ ಇಲ್ಲೋ, ಅಷ್ಟ ಹೇಳ್ರಿ."

"ಬರತಾವ್ರಿ ಅಕ್ಕಾರ," ಎಂದ ಗುರುನಾಥ. "ಫ್ಲ್ಯಾಟ್‌ಪ್ಯಾಕ್ ತಿರಗಿ ಹಾಕಿದ್ರ ಎಲ್ಲಾ ಬರತಾವ. ಅದು ತನ್ನೊಳಗ ಇಟ್ಟಿರತೈತಿ. ಇವ ಅದನ್ನೂ ಅಳಿಸಿರಬಾರದು, ಅಷ್ಟ. ರಾಘ್ಯಾ, ಕೇಳಿತ್ತಲಾ ಅದು, ಏನ್ ಒತ್ತೀದಿ?"

ಎಲ್ಲರೂ ನನ್ನನ್ನು ನೋಡಿದರು. ಟಿವಿಯ ಬಿಳಿ ಬೆಳಕು ಸ್ವರಾಳ ಮುಖದ ಮೇಲಿತ್ತು.

"ನೆನಪಿಲ್ಲ," ಎಂದೆ.

ಗುರುನಾಥ ತನ್ನ ಮೊಬೈಲಿನ ಇಂಟರ್ನೆಟ್ ಜೋಡಿಸಿ ಫ್ಲ್ಯಾಟ್‌ಪ್ಯಾಕ್ ಇಳಿಸತೊಡಗಿದ. ಪಂಪಿನ ಕೋಣೆಯ ಗೋಡೆಗೆ ಸಿಗ್ನಲ್ಲು ಅಂಜುತ್ತದೆ. ಪರದೆಯ ಮೇಲಿನ ಪಟ್ಟಿ ಮುಂದೆ ಸರಿಯುತ್ತಿರಲಿಲ್ಲ. ಚಿತ್ರ ಬರೆಯುವ ಸಣ್ಣ ತಂತ್ರಾಂಶದ ಜೊತೆಗೆ, ನಾನು ಗುಡಿಸಿ ಹಾಕಿದ್ದ ದೊಡ್ಡ ಸಾಮಾನೂ ಮತ್ತೆ ಬರಬೇಕಾಗಿತ್ತು. ಅಪರಾಧಿಯಂತೆ ಸುಮ್ಮನೆ ನಿಲ್ಲಬೇಕಾದವನು ನಾನು. ಆದರೆ ಆ ಗಾತ್ರ ನೋಡಿ ತಡೆಯಲಾಗಲಿಲ್ಲ.

"ನೋಡು, ಇಷ್ಟು ಸಣ್ಣ ಆಟಿಕಿಗೆ ಎಷ್ಟು ದೊಡ್ಡ ಗಂಟು ಇಳಸಲಿಕ್ಕೆ ಹತ್ತೇದ."

"ಪರ ಊರಿಗೆ ಹೋಗಾವ ಬುತ್ತಿ ಕಟ್ಕೊಂಡ ಹೋಗತಾನಲೇ. ಮಂದಿ ಮನ್ಯಾಗ ಹೋಗಿ ಉಪ್ಪ ಕೇಳತಾನೇನು?"

"ಬುತ್ತಿ ಕಟ್ಟಿಕೊಳ್ಳಲಿ. ಬೀಸುಕಲ್ಲೂ ಕಟ್ಟಿಕೊಂಡು ಹೊಂಟರ ಹ್ಯಾಂಗ?"

"ಆ ಊರಾಗ ಬೀಸುಕಲ್ಲ ಇಲ್ಲಂದ್ರ?"

"ಇಲ್ಲಂದ್ರ ಅಲ್ಲಿ ಮಂದಿ ಜೋಳಾ ಹಂಗ ನುಂಗತಾರೇನು?"

"ನಿನ್ನ ಚಾಳಿನ ನಲ್ಲಿ ಒಡದಾಗ ನನ್ನ ಮನಿಗೆ ಕೊಡಾ ಹಿಡಕೊಂಡ ಬರಬ್ಯಾಡ ಮತ್ತ."

ದನಿ ಏರಿತ್ತು. ಸಾವಂತ್ ಬಾಯಿ ಅಕ್ಕನನ್ನು ಕೇಳಿದರು. "ಹೇ ದೋಘೇ ಕಾ ಭಾಂಡತಾಯತ್?" ಈ ಇಬ್ಬರೂ ಯಾಕೆ ಜಗಳಾಡುತ್ತಿದ್ದಾರೆ ಎಂದು. ಅಕ್ಕ ಬಾಯಿ ತೆರೆಯುವ ಮೊದಲೇ ಸ್ವರಾ, ಗುರುನಾಥನನ್ನು ಮೀಸೆಯವನೆಂದೂ ನನ್ನನ್ನು ಕನ್ನಡಕದವನೆಂದೂ ಕರೆದು, ನಮ್ಮ ಜಗಳವನ್ನೇ ಹಿಂದಿಗೆ ತಿರುಗಿಸಿ ಉತ್ತರ ಕೊಟ್ಟಳು.

"ಆಂಟಿ, ಯೇ ಮೂಛ್‌ವಾಲೇ ಅಂಕಲ್ ಬೋಲ್ ರಹೇ ಹೈಂ, ಗಾಂವ್ ಜಾತೇ ಟೈಮ್ ಡಬ್ಬಾ ಲೇಕೇ ಜಾನೇ ಕಾ. ವೋ ಚಷ್ಮೇವಾಲೇ ಬೋಲ್ ರಹೇ ಹೈಂ, ಡಬ್ಬಾ ಠೀಕ್ ಹೈ, ಚಕ್ಕೀ ಕ್ಯೂಂ ಲೇಕೇ ಜಾನೇ ಕಾ?"

"ಚಕ್ಕೀ ನಹೀಂ," ಎಂದ ನಿಶಾಂತ. "ಚಕ್ಕೀ ಲೈಟ್ ಪೇ ಚಲ್ತೀ ಹೈ. ಬೀಸುಕಲ್ಲು. ಹಾಥ್ ಸೇ ಘುಮಾನೇ ಕಾ." ಚಕ್ಕಿ ಕರೆಂಟಿನದು, ಇದು ಕೈಯದು ಎಂದು ಗರಗರ ತಿರುಗಿಸಿಯೂ ತೋರಿಸಿದ.

"ಜಾತಂ?" ಎಂದು ಸಾವಂತ್ ಬಾಯಿ ಕೇಳಿದರು. ಮರಾಠಿಯಲ್ಲಿ ಬೀಸುಕಲ್ಲಿಗೆ ಹಾಗೆನ್ನುತ್ತಾರೆ.

"ಹಾಂ, ಜಾತಂ. ಔರ್ ಮೂಛ್‌ವಾಲೇ ಬೋಲೇ, ತೇರೇ ಚಾಲ್ ಕಾ ನಲ್ ಟೂಟೇಗಾ ತೋ ಮೇರೇ ಘರ್ ಮತ್ ಆನಾ."

ಸಾವಂತ್ ಬಾಯಿ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು. ಮನೆಯಲ್ಲಿ ಕನ್ನಡ ಮಾತಾಡುತ್ತೀರೇನು ಎಂದು ನಿಶಾಂತನನ್ನು ಕೇಳಿದರು.

"ನಹೀಂ, ಘರ್ ಪೇ ಹಿಂದಿ. ಮಮ್ಮಿ ಪಪ್ಪಾ ಲಡ್ತೇ ಹೈಂ ತಬ್ ಕನ್ನಡ." ನಂತರ ನೆನಪಾದವನಂತೆ ಸೇರಿಸಿದ. "ಪಹಲೇ ಸಮಝ್‌ತಾ ನಹೀಂ ಥಾ. ಅಬ್ ಸಬ್ ಸಮಝ್‌ತಾ ಹೂಂ."

ಅಪ್ಪ ಅಮ್ಮ ಕನ್ನಡದಲ್ಲಿ ಜಗಳಾಡಿದರೆ ಈಗ ಅವನಿಗೆ ಎಲ್ಲ ತಿಳಿಯುತ್ತದಂತೆ. ಜಗಳ ಬಿಟ್ಟು ನಾವಿಬ್ಬರೂ ನಿಶಾಂತನನ್ನೇ ನೋಡುತ್ತಿದ್ದೆವು. ಪಕ್ಕೆಯಲ್ಲಿ ಯಾರೋ ಚಿವುಟಿದರು. ಅಕ್ಕ. ತುಟಿ ಅಲುಗಿಸದೆ ಹೇಳಿದಳು. "ನಿಲ್ಲಸಬ್ಯಾಡ್ರೋ. ಇನ್ನೊಂಚೂರು ಜಗಳಾಡ್ರಿ."

ಹೇಳಿ ಮಾಡಿಸಿದ ಜಗಳ ಎಷ್ಟು ಕಷ್ಟವೆಂಬುದು ನನಗೆ ಅಂದೇ ತಿಳಿದದ್ದು. "ಏನು ಜಗಳಾಡ್ಲಿ?" ಎಂದೆ.

"ಇಷ್ಟೊತ್ತನಾ ಹೆಂಗ ಬರತಿತ್ತು?"

"ಅದು ತಾನಾಗೇ ಬರತಿತ್ತು."

ಗುರುನಾಥನೇ ಕೈಹಿಡಿದ. "ಇವನ್ನ ದಾದರಿನಾಗ ನೋಡಬೇಕ್ರಿ ಅಕ್ಕಾರ. ಫಾಸ್ಟ್ ಬಂತಂದ್ರ ಸ್ಲೋ ಬರಲಿ ಅಂತಾನ. ಸ್ಲೋ ಬಂತಂದ್ರ ಫಾಸ್ಟ್ ಹೋಗಿಬಿಡತಂತ ಅಳತಾನ. ಪ್ಲಾಟ್‌ಫಾರ್ಮಿನ ಮ್ಯಾಲೆ ಇವಗ ರೇಶನ್ ಕಾರ್ಡ್ ಮಾಡಿಸಿ ಕೊಡಬೇಕು."

ಸ್ವರಾ ಒಂದೂ ಬಿಡದೆ ಹಿಂದಿಗೆ ತಿರುಗಿಸಿದಳು. ರೇಶನ್ ಕಾರ್ಡಿಗೆ ಬಂದಾಗ ಸಾವಂತ್ ಬಾಯಿಗೆ ನಗು ತಡೆಯಲಾಗಲಿಲ್ಲ. ಇದರಿಂದ ನನಗೆ ನಿಜವಾಗಿಯೇ ಸಿಟ್ಟು ಬಂತು, ಜಗಳ ಮತ್ತೆ ಹರಿಯತೊಡಗಿತು. ಹಾಸ್ಟೆಲಿನಲ್ಲಿ ನನ್ನ ಬಕೀಟು ಒಯ್ದವನು ಯಾರು, ಸಾಬೂನು ಗೋಡೆಗೆ ಅಂಟಿಸಿಟ್ಟವನು ಯಾರು, ಹದಿಹರೆಯದ ಹಳೆಯ ಬಾಕಿಯೆಲ್ಲ ಹೊರಬಿತ್ತು. ಒಬ್ಬೊಬ್ಬ ಮಗುವೂ ಪಾಳಿ ಹಚ್ಚಿಕೊಂಡು ಹೇಳಿತು. ನಡುವೆ 'ಅಂಟಿಸು' ಎಂದರೇನೆಂದು ಒಬ್ಬಳು ಅಕ್ಕನನ್ನು ಕೇಳಿದಳು. ಅಕ್ಕ ಹೇಳಿಕೊಟ್ಟಳು. ಅದೇ ಅಂದಿನ ಪಾಠ.

ಸಾವಂತ್ ಬಾಯಿ ಹೊರಡುವಾಗ ತಮ್ಮ ಕಥೆಯೊಂದನ್ನು ಹೇಳಿದರು. ಅವರ ಅಜ್ಜಿ ಕೊಂಕಣದಿಂದ ಮಗನ ಮನೆಗೆ ಬರುವಾಗ ಕಾಯಿ ತುರಿಯುವ ಈಳಿಗೆಯನ್ನು ಸೀರೆಯಲ್ಲಿ ಸುತ್ತಿ ತರುತ್ತಿದ್ದಳಂತೆ. ಮುಂಬಯಿಯ ಈಳಿಗೆಗೆ ತೆಂಗಿನಕಾಯಿ ತಿಳಿಯುವುದಿಲ್ಲ ಎಂಬುದು ಅವಳ ಖಾತ್ರಿ. ಬಾಗಿಲಲ್ಲಿ ನಿಂತು ಅಕ್ಕನಿಗೆ, ಕಮಿಟಿಯಲ್ಲಿ ಮಾತಾಡುತ್ತೇನೆ, ಆದರೆ ಮಾತು ಕೊಡಲಾರೆ ಎಂದರು. ನಮ್ಮಿಬ್ಬರನ್ನು ನೋಡಿ, ಇವರೂ ವಿದ್ಯಾರ್ಥಿಗಳೇ ಎಂದು ಕೇಳಿದರು.

ಅವರು ಹೋದ ಮೇಲೆ ಪರದೆಯ ಪಟ್ಟಿ ಕೊನೆ ಮುಟ್ಟಿತು. ಗುರುನಾಥ ಸರಿದು ಸ್ವರಾಳಿಗೆ ಜಾಗ ಬಿಟ್ಟ. ಅವಳು ಗುಂಡಿ ಒತ್ತುವಾಗ ನಾನು ಪಂಪಿನ ಕಿಟಕಿಯ ಕಡೆ ನೋಡುತ್ತಿದ್ದೆ. ನೋಡುವ ಧೈರ್ಯವಿರಲಿಲ್ಲ. ಬೆನ್ನ ಹಿಂದೆ ಕುರ್ಚಿ ಸರಿದ ಸದ್ದಾಯಿತು.

"ಟೀಚರ್," ಎಂದಳು ಸ್ವರಾ, ಒಂದೊಂದೇ ಶಬ್ದ ಹುಡುಕಿ ಇಟ್ಟು, "ಅಜ್ಜಿ ಬಂದಾಳ."

ನೇರಳೆ ಸೀರೆ, ಕೈಯಲ್ಲಿ ಫೋನು. ಅಂದರೆ ಶನಿವಾರ ನಾನು ಒತ್ತಿದ್ದು ಉಳಿಸುವ ಗುಂಡಿ.

"ಅಥವಾ ಅಳಿಸುವುದನ್ನ ಒತ್ತಿದ್ದರೂ ಅದು ಮಾತು ಕೇಳಿರಲಿಕ್ಕಿಲ್ಲ," ಎಂದೆ. "ಈ ಸಾಕ್ಷಿ ಎರಡಕ್ಕೂ ಹೊಂದತದ."

"ಬಾಯಿ ಮುಚ್ಚಲೇ," ಎಂದ ಗುರುನಾಥ.

ಆಮೇಲೆ ನಮ್ಮಿಬ್ಬರಲ್ಲಿ ಇನ್ನೊಂದು ತಕರಾರು ಹುಟ್ಟಿತು. ಬೀಸುಕಲ್ಲಿನ ಆ ಮಾತು ತನ್ನದೆಂದು ಗುರುನಾಥ ಎಲ್ಲ ಕಡೆ ಹೇಳಿಕೊಂಡು ತಿರುಗುತ್ತಿದ್ದಾನೆ. ನಾನು ಮೇಲೆ ಅದನ್ನು ನನ್ನ ಬಾಯಲ್ಲಿ ಇಟ್ಟಿದ್ದೇನೆ, ಬರೆಯುತ್ತಿರುವವನು ನಾನಾದ್ದರಿಂದ. ಸ್ವರಾ ಅದನ್ನು ಕನ್ನಡಕದವನ ಪಾಲಿಗೆ ಹಾಕಿದಳು ಎಂಬ ನನ್ನ ವಾದಕ್ಕೆ ಅವನ ಉತ್ತರ, ಅಂದು ಕನ್ನಡಕ ಹಾಕಿಕೊಂಡಿದ್ದದ್ದು ತಾನು ಎಂದು. ಅವನಿಗೂ ಓದುವ ಕನ್ನಡಕವಿದೆ ಎಂಬುದು ನಿಜ. ನನಗೆ ಮೀಸೆ ಇತ್ತೇ ಎಂದು ಹಳೆಯ ಫೋಟೊ ಹುಡುಕಬೇಕು. ಕಂಪ್ಯೂಟರಿನಲ್ಲಿ ಈಗ ಫ್ಲ್ಯಾಟ್‌ಪ್ಯಾಕ್ ಒಂದೇ ಇದೆ. ನನಗೂ ಅವನಿಗೂ ಅದನ್ನು ಮುಟ್ಟಲು ಅಕ್ಕನ ಪರವಾನಗಿಯಿಲ್ಲ.

ಕಮಿಟಿ ಸಭೆ ಮುಂದೆ ಹೋಯಿತು, ಮತ್ತೂ ಮುಂದೆ ಹೋಯಿತು. ಆ ದಿನಗಳಲ್ಲಿ ಅಕ್ಕ ಫೋನು ಮಾಡಿದರೆ ಕ್ಲಾಸಿನ ಮಾತೊಂದನ್ನು ಬಿಟ್ಟು ಬೇರೆಲ್ಲ ಆಡುತ್ತಿದ್ದಳು. ನಾನೂ ಕೇಳುತ್ತಿರಲಿಲ್ಲ. ಕೊನೆಗೊಂದು ದಿನ ಫೋನು ಬಂತು.

"ರಾಘು, ಕೋಣಿ ನಮಗ ಆತೋ."

"ಯಾರು ಹೇಳಿದ್ರು?"

"ಸಾವಂತ್ ಬಾಯಿ ಹೇಳಿದ್ರು."

"ಬಾಯಿಮಾತೋ, ಏನರ ಬರದು ಕೊಟ್ಟಾರೋ?"

"ನಿನಗ ಹೇಳಿದ್ದ ತಪ್ಪಾತು," ಎಂದು ಇಟ್ಟುಬಿಟ್ಟಳು.

ಮುಂದಿನ ಸಲ ಕಾಂದಿವಲಿಗೆ ಹೋದಾಗ ಅಕ್ಕನ ಮನೆಗೆ ಹತ್ತುವ ಮೊದಲು ನಾನು ಗೇಟಿನ ಒಳಗೋಡೆಯ ಬಳಿ ನಿಂತೆ. ಕೆಳಗಿನ ಕೋಣೆ ಯಾವ ಹೊತ್ತು ಯಾರಿಗೆ ಎಂದು ಬರೆಯುವ ಕರಿಹಲಗೆ ಅಲ್ಲಿದೆ. ಪ್ರತಿ ಸಭೆಗೂ ಬದಲಾಗುವುದರಿಂದ ಅದನ್ನು ಚಾಕ್‌ಪೀಸಿನಲ್ಲಿ ಬರೆಯುತ್ತಾರೆ. ಝುಂಬಾ ಶನಿವಾರಕ್ಕೆ ಹೋಗಿತ್ತು, ಚಾಕಿನಲ್ಲಿ. ಯೋಗ, ಹುಟ್ಟುಹಬ್ಬ, ಸೊಸಾಯಿಟಿ ಮೀಟಿಂಗು, ಎಲ್ಲ ಚಾಕಿನಲ್ಲಿ. ರವಿವಾರ ಮುಂಜಾನೆಯ ಎದುರಿಗೆ ಮರಾಠಿ ಲಿಪಿಯಲ್ಲಿ 'ಕನ್ನಡ ವರ್ಗ' ಎಂದು ಬರೆದಿತ್ತು. ಅಕ್ಷರಗಳು ಬೇರೆಯವಕ್ಕಿಂತ ಬೆಳ್ಳಗಿದ್ದವು. ವಾಚ್‌ಮನ್ ಆ ಕಡೆ ತಿರುಗುವವರೆಗೆ ಕಾದು ಬೆರಳಿನಿಂದ ಉಜ್ಜಿದೆ. ಹೋಗಲಿಲ್ಲ. ಬೆರಳನ್ನು ಒದ್ದೆ ಮಾಡಿಕೊಂಡು ಇನ್ನೊಮ್ಮೆ ಉಜ್ಜಿದೆ. ಪೇಂಟು.